ಸೊನ್ನೆ ಖರ್ಚಿನ ಒಂದು ದಿನ

ಮೊನ್ನೆ ಗಾಂಧಿಬಜಾರಿನಲ್ಲಿ ಹೂವು ಕೊಂಡು ಹಿಂದಿರುಗುವಾಗ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಅವನ ಉದ್ಯೋಗವೆಲ್ಲ ಲ್ಯಾಪ್‌ಟಾಪಿನಲ್ಲೇ ನಡೆಯುವಂಥದು. ಬಾಡಿಗೆಯ ಮನೆಯನ್ನು ಬಿಟ್ಟು, ಹೆಂಡತಿಯೊಡನೆ ಆರು ತಿಂಗಳು ಕಾರಿನಲ್ಲಿಯೇ ವಾಸಿಸುತ್ತ ಕರ್ನಾಟಕವನ್ನು ಸುತ್ತುವ ಯೋಚನೆಯಲ್ಲಿದ್ದಾನಂತೆ. “ಮೇಷ್ಟ್ರೇ, ನೀವು ವ್ಯಾನಿನಲ್ಲೇ ಮಲಗಿ ಊರೂರು ಸುತ್ತಿದ್ದನ್ನು ತರಗತಿಯಲ್ಲಿ ಹೇಳುತ್ತಿದ್ದಿರಿ. ಅಷ್ಟು ಕಡಿಮೆ ಖರ್ಚಿನಲ್ಲಿ ಹೇಗೆ ನಿಭಾಯಿಸಿದಿರಿ?” ಎಂದು ಕೇಳಿದ. ಅಲ್ಲಿ ನಿಂತು ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧವನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಅದು 1994ರ ಮೇ ತಿಂಗಳು. ಸೆಕೆಂಡ್ ಹ್ಯಾಂಡ್ ಮಾರುತಿ ವ್ಯಾನು. ನಾವಿಬ್ಬರು, ಮಕ್ಕಳಿಬ್ಬರು, ನನ್ನ ತಾಯಿ. ಸೀಮೆಎಣ್ಣೆ ಸ್ಟೋವು, ಎರಡು ಕೊಡ, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಹಿಂದಿನ ಸೀಟನ್ನು ಮಡಚಿ ಜಮಖಾನ ಹಾಸಿದರೆ ಅಮ್ಮನಿಗೂ ಮಕ್ಕಳಿಗೂ ಜಾಗ. ನಮ್ಮಿಬ್ಬರದು ಮುಂದಿನ ಸೀಟುಗಳಲ್ಲಿ ಕುಳಿತ ನಿದ್ದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವರ್ಷವರ್ಷವೂ ನಿಮ್ಮನ್ನು ಕಾಡುತ್ತಿದ್ದ ನನಗೆ, ಅದರ ವಿಸ್ತಾರ ತಿಳಿದದ್ದು ಆ ವ್ಯಾನಿನಲ್ಲಿ. ಮೊದಲೆರಡು ದಿನ ಟಾರ್ಚು ಎಲ್ಲಿ, ಹಲ್ಲುಪುಡಿ ಎಲ್ಲಿ ಎಂಬ ಜಗಳವೇ ಜಗಳ. ಮೂರನೆಯ ದಿನಕ್ಕೆ ಪ್ರತಿ ವಸ್ತುವಿಗೂ ಒಂದು ಸ್ಥಳ ನಿಶ್ಚಯವಾಯಿತು. ಕತ್ತಲಲ್ಲಿಯೂ ಕೈಗೆ ಸಿಗತೊಡಗಿತು.

ಹಾಸನದಲ್ಲಿ ಪೆಟ್ರೋಲು ತುಂಬಿಸಿಕೊಂಡು, ಸಕಲೇಶಪುರ ದಾಟಿ, ಶಿರಾಡಿ ಘಾಟಿಯನ್ನು ಇಳಿಯುವಷ್ಟರಲ್ಲಿ ಮುಸ್ಸಂಜೆಯಾಯಿತು. ರಸ್ತೆಬದಿಯ ಮನೆಯೊಂದರ ಅಂಗಳದಲ್ಲಿ ತಂಗಲು ಅನುಮತಿ ಕೇಳಿದೆವು. ಮನೆಯ ಹೆಂಗಸು ಮರುಮಾತಿಲ್ಲದೆ ಒಪ್ಪಿದಳು. ಬೆಳಗ್ಗೆ ಐವರೂ ಸ್ನಾನ ಮಾಡಿ, ಬಟ್ಟೆ ಒಗೆದು ಹೊರಟೆವು. ಮಧ್ಯಾಹ್ನ ಧರ್ಮಸ್ಥಳದ ಛತ್ರದಲ್ಲಿ ಊಟ. ರಾತ್ರಿ ವ್ಯಾನಿನ ಪಕ್ಕದಲ್ಲಿ ಸ್ಟೋವು ಹಚ್ಚಿ ಅನ್ನ, ಸಾರು. ಮಲಗುವ ಮುನ್ನ ಲೆಕ್ಕದ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದೆ: ‘ಈ ದಿನದ ಖರ್ಚು: ಸೊನ್ನೆ.’

ಮರುದಿನ ಉಡುಪಿಯಲ್ಲಿ ಪುಸ್ತಕ ತೆರೆದಾಗ, ಅದರ ಕೆಳಗೆ ನನ್ನಾಕೆಯ ಅಕ್ಷರದಲ್ಲಿ ಮೂರು ಸಾಲುಗಳಿದ್ದವು. ‘ನೀರು: ಆ ತಾಯಿ ಇಳಿಜಾರಿನ ಬಾವಿಯಿಂದ ಹೊತ್ತು ತಂದ ಎಂಟು ಕೊಡ. ಮಧ್ಯಾಹ್ನದ ಊಟ: ಯಾರೋ ಕೊಟ್ಟ ಅಕ್ಕಿ. ರಾತ್ರಿಯ ಅಡಿಗೆ: ನಾನು.’

ನಾನು ಲೆಕ್ಕ ಕಲಿಸುತ್ತಿದ್ದ ಮೇಷ್ಟ್ರು! ಅಂದು ನನಗೆ ಉತ್ತರ ಹೊಳೆಯಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿದು. ಖರ್ಚಿಲ್ಲದ ಪ್ರಯಾಣವೆಂಬುದಿಲ್ಲ, ನಾವು ತೆರದ ಬೆಲೆಯನ್ನು ಇನ್ನೊಬ್ಬರು ತೆತ್ತಿರುತ್ತಾರೆ. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಅರವಟ್ಟಿಗೆಗಳು, ಛತ್ರಗಳು ಹುಟ್ಟಿದ್ದು ಈ ಅರಿವಿನಿಂದಲೇ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ಆರಂಭವಾದದ್ದರಿಂದ ಎಷ್ಟು ಬಡ ಪ್ರಯಾಣಿಕರಿಗೆ, ವಿದ್ಯಾರ್ಥಿಗಳಿಗೆ ತಲೆಯ ಮೇಲೊಂದು ಸೂರು ದೊರೆಯಿತು! ಅಲ್ಲಿ ತಂಗಿದವನ ಖರ್ಚು ಕಡಿಮೆಯಾದದ್ದು ಅವನ ಜಾಣತನದಿಂದಲ್ಲ, ದಾನಿಯ ಔದಾರ್ಯದಿಂದ. ಮಿತವ್ಯಯ ಬೇರೆ, ಪರರ ಮೇಲೆ ಭಾರ ಹೊರಿಸುವುದು ಬೇರೆ.

ಹಾಗೆಂದು ಹೋಗಬೇಡವೆನ್ನಲಾರೆ. ‘ದೇಶ ಸುತ್ತು, ಕೋಶ ಓದು’ ಎಂದು ಹೇಳಿಕೊಟ್ಟವನೇ ನಾನು. ಕೆಲವು ಮಾತುಗಳನ್ನು ಮಾತ್ರ ನೆನಪಿನಲ್ಲಿಡಿ. ರಾತ್ರಿ ತಂಗುವ ಸ್ಥಳವನ್ನು ಸಂಜೆ ನಾಲ್ಕಕ್ಕೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಹೆಂಗಸರಿಗೆ ಶೌಚಾಲಯ, ಸ್ನಾನದ ಅನುಕೂಲ ಇದೆಯೇ ಎಂಬುದನ್ನು ಮೊದಲು ನೋಡಿ. ನನಗೆ ರಜೆಯಾಗಿದ್ದ ಆ ಹದಿನೈದು ದಿನಗಳು ನನ್ನಾಕೆಗೆ ಗೋಡೆಯಿಲ್ಲದ ಅಡಿಗೆಮನೆಯಾಗಿದ್ದವು. ನೀವು ಸರದಿಯಂತೆ ಅಡಿಗೆ ಮಾಡಿ. ಎಲ್ಲವನ್ನೂ ಬೆಂಗಳೂರಿನಿಂದಲೇ ಹೊತ್ತೊಯ್ಯದೆ, ತಂಗಿದ ಊರಿನಲ್ಲಿ ಹಾಲು, ತರಕಾರಿ ಕೊಳ್ಳಿ. ಕಸವನ್ನು ಅಲ್ಲಿ ಬಿಟ್ಟು ಬರಬೇಡಿ. ಛತ್ರದಲ್ಲಿ ಉಂಡರೆ ಅನ್ನದಾನದ ಹುಂಡಿಗೆ ಕೈಲಾದಷ್ಟು ಹಾಕಿ. ಮುಖ್ಯವಾಗಿ, ಮುಚ್ಚಿದ ಕಾರಿನೊಳಗೆ ಸ್ಟೋವು ಹಚ್ಚಬೇಡಿ, ಎಂಜಿನ್ನು ಚಾಲೂ ಇಟ್ಟುಕೊಂಡು ಮಲಗಬೇಡಿ. ಆಗ ಒಳಗೆ ತುಂಬಿಕೊಳ್ಳಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲಿಯೇ ಪ್ರಾಣ ಹೋದೀತು.

2016ರಲ್ಲಿ ಅದೇ ದಾರಿಯಲ್ಲಿ ಮಗನೊಡನೆ ಹೋಗಿದ್ದೆ. ಆ ಮನೆಯನ್ನು ಹುಡುಕಿದೆ, ಗುರುತು ಸಿಗಲಿಲ್ಲ. ವಿಚಾರಿಸೋಣವೆಂದರೆ ಆ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ. ಎಂಟು ಕೊಡ ನೀರು ಪಡೆದವನು ಹೆಸರನ್ನು ಕೇಳಿರಲಿಲ್ಲ. ಈಗ ನನ್ನಾಕೆಯೂ ಇಲ್ಲ. ಪುಸ್ತಕದಲ್ಲಿ ಆ ಮೂರು ಸಾಲುಗಳು ಮಾತ್ರ ಇವೆ.

ಮಗೂ, ಹೊರಡುವ ಮುನ್ನ ಇಬ್ಬರೂ ಮನೆಗೆ ಬನ್ನಿ. ಒಂದು ಖಾಲಿ ನೋಟುಪುಸ್ತಕವನ್ನು ತೆಗೆದಿರಿಸಿದ್ದೇನೆ. ಎಡಪುಟದಲ್ಲಿ ದಿನದ ಖರ್ಚು ಬರೆಯಿರಿ. ಬಲಪುಟದಲ್ಲಿ ಆ ದಿನ ನಿಮಗೆ ನೀರು, ನೆರಳು ಕೊಟ್ಟವರ ಹೆಸರು. ಹಿಂದಿರುಗಿದ ಮೇಲೆ ನಾನು ಓದಬಯಸುವುದು ಬಲಪುಟವನ್ನೇ.

ನಿಮ್ಮ ಪ್ರಯಾಣ ಸುಖಕರವಾಗಲಿ.