ಇನ್ಸುಲಿನ್ ಸೀಸೆಯ ಕಾಪು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಬೆಳೆಗಾರನಿಗೆ ಉಷ್ಣಮಾಪಕವು ಹೊಸ ವಸ್ತುವೇನಲ್ಲ. ಬ್ಯಾರನ್ನಿನಲ್ಲಿ ತೂಗುಹಾಕಿದ ಎಲೆ ಹಳದಿಗೆ ತಿರುಗಲು ಇಷ್ಟು ಶಾಖ, ಎಲೆ ಒಣಗಲು ಇಷ್ಟು, ನಡುವಿನ ಕಡ್ಡಿ ಒಣಗಲು ಇಷ್ಟು ಎಂದು ಅವನು ನಿದ್ದೆಗೆಟ್ಟು ಕಾಯುತ್ತಾನೆ. ಅಳತೆ ತಪ್ಪಿದರೆ ಸೊಪ್ಪಿನ ಹದ ಕೆಡುವುದು. ಹರಾಜುಕಟ್ಟೆಯಲ್ಲಿ ಬೆಲೆ ಇಳಿಯುವುದು. ಆದರೆ ಅದೇ ಮನೆಯ ಗೋಡೆಗೂಡಿನಲ್ಲಿ, ಹಿರಿಯರ ಸಕ್ಕರೆ ಕಾಯಿಲೆಗೆಂದು ತಂದಿಟ್ಟ ಇನ್ಸುಲಿನ್ ಸೀಸೆಯು ಎಷ್ಟು ಶಾಖದಲ್ಲಿ ಕುಳಿತಿದೆಯೆಂದು ನೋಡುವವರು ಎಷ್ಟು ಮಂದಿ?

1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಈ ಔಷಧವನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಚುಚ್ಚಲಾಯಿತು. ಅಲ್ಲಿಂದೀಚೆಗೆ ಅದು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. ಆದರೆ ಇನ್ಸುಲಿನ್ ಪ್ರೋಟೀನಿನ ಜಾತಿಗೆ ಸೇರಿದ ವಸ್ತು. ಅತಿಯಾದ ಬಿಸಿಯನ್ನೂ ತಾಳದು, ಹೆಪ್ಪುಗಟ್ಟುವ ಚಳಿಯನ್ನೂ ತಾಳದು.

ಹಾಲು ಕೆಟ್ಟರೆ ಒಡೆದು ತಿಳಿಸುತ್ತದೆ, ಸಾರು ಹಳಸಿದರೆ ಮೂಗು ಹೇಳುತ್ತದೆ. ಇನ್ಸುಲಿನ್ನಿನ ಸತ್ವ ಕುಂದಿದ್ದು ಅನೇಕ ವೇಳೆ ಕಣ್ಣಿಗೆ ಕಾಣುವುದೇ ಇಲ್ಲ. ಹೊತ್ತಿಗೆ ಸರಿಯಾಗಿ ಚುಚ್ಚಿಕೊಂಡರೂ ರಕ್ತದ ಸಕ್ಕರೆ ಏರುತ್ತಲೇ ಹೋಗುವುದು. ಅತ್ತೆಯವರು ಕದ್ದು ಹೋಳಿಗೆ ತಿಂದಿರಬೇಕೆಂದು ಸೊಸೆಗೆ ಗುಮಾನಿ. ತಿನ್ನದ ಹೋಳಿಗೆಯ ಅಪವಾದಕ್ಕೆ ಅತ್ತೆಗೆ ಕೋಪ. ವೈದ್ಯರು ಕಾಗದ ನೋಡಿ ಪ್ರಮಾಣವನ್ನು ಹೆಚ್ಚಿಸುವರು. ನಿಜವಾದ ಅಪಾಯ ಬರುವುದು ಇದರ ಮುಂದೆ. ಹಳೆಯ ಸೀಸೆ ಮುಗಿದು, ಸತ್ವವುಳ್ಳ ಹೊಸ ಸೀಸೆ ಬಂದಾಗ ಅದೇ ಹೆಚ್ಚಿಸಿದ ಪ್ರಮಾಣವು ಸಕ್ಕರೆಯನ್ನು ಒಮ್ಮೆಲೇ ಇಳಿಸಿ, ಬೆವರು, ನಡುಕ, ಕೊನೆಗೆ ಎಚ್ಚರ ತಪ್ಪುವವರೆಗೂ ಒಯ್ಯಬಹುದು. ಆದುದರಿಂದ ಸಕ್ಕರೆ ಕಾರಣವಿಲ್ಲದೆ ಏರಿದರೆ, ಸೀಸೆಯನ್ನು ಎಲ್ಲಿ ಇಟ್ಟಿತ್ತೆಂಬುದನ್ನೂ ವೈದ್ಯರಿಗೆ ಹೇಳಬೇಕು. ಸೀಸೆಯ ಮೇಲೆ ಸಂಶಯ ಬಂತೆಂದು ತಾವಾಗಿ ಇನ್ಸುಲಿನ್ ನಿಲ್ಲಿಸುವುದು ಮಾತ್ರ ಸರ್ವಥಾ ಕೂಡದು.

ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಅಂದರೆ ಫ್ರಿಜ್ಜಿನ ನಡುವಣ ಹಲಗೆ ಅಥವಾ ಬಾಗಿಲು. ಮಂಜುಗಟ್ಟುವ ಖಾನೆಯ ಹತ್ತಿರವೂ ಅದು ಸುಳಿಯಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿ ಮೊದಲಿನಂತೆಯೇ ಕಂಡರೂ ಎಸೆಯತಕ್ಕದ್ದೇ. ಬಳಸುತ್ತಿರುವ ಸೀಸೆಯನ್ನು ಸಾಮಾನ್ಯವಾಗಿ 30 ಡಿಗ್ರಿಗೆ ಮೀರದ ತಂಪಿನಲ್ಲಿ ಸುಮಾರು ನಾಲ್ಕು ವಾರ ಹೊರಗೇ ಇಡಬಹುದು. ಕೆಲವು ಬಗೆಗಳಿಗೆ ಈ ಮಿತಿ ಬೇರೆ. ಪೆಟ್ಟಿಗೆಯೊಳಗಿನ ಕಾಗದವನ್ನು ಓದಿ ನೋಡಬೇಕು.

ಫ್ರಿಜ್ ಇಲ್ಲದ ಮನೆಯವರು ಅಂಜಬೇಕಾದುದಿಲ್ಲ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆಯನ್ನಿಟ್ಟು, ನಡುವೆ ಮರಳು ತುಂಬಿ ನೀರು ಹನಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟರೆ, ಆರುವ ನೀರು ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಸೀಸೆಗೆ ನೀರು ತಾಗದಂತೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಇಟ್ಟರಾಯಿತು. ಬೇಸಗೆಯ ಒಣಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುವುದು, ಮಳೆಗಾಲದಲ್ಲಿ ಅಷ್ಟಿಲ್ಲ. ಆದರೆ ಆಗ ಈ ಸೀಮೆಯ ಹವೆಯೇ ತಂಪು. ಮಡಕೆಯು 8 ಡಿಗ್ರಿಗೆ ಇಳಿಯಲಾರದು; ಆದ್ದರಿಂದ ತಿಂಗಳುಗಟ್ಟಲೆ ದಾಸ್ತಾನಿಗೆ ಅದು ಸಲ್ಲದು. ಒಮ್ಮೆಗೆ ಒಂದೇ ಸೀಸೆ ಕೊಳ್ಳುವುದು ಲೇಸು.

ಉತ್ತರ ಕೀನ್ಯಾದ ದಗಹಲಿ ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಹಗಲಿರುಳು 25ರಿಂದ 37 ಡಿಗ್ರಿಯ ನಡುವೆ ತೂಗಾಡುವ ಶಾಖವನ್ನು ಅಳೆದು, ಅದೇ ಏರಿಳಿತದಲ್ಲಿ ಇನ್ಸುಲಿನ್ನನ್ನು ಪರೀಕ್ಷಿಸಿದಾಗ, ನಾಲ್ಕು ವಾರ ಅದರ ಸತ್ವ ಕುಂದಲಿಲ್ಲವೆಂದು ಜಿನೀವಾ ವಿಶ್ವವಿದ್ಯಾಲಯದವರು ಹಾಗೂ ಗಡಿರಹಿತ ವೈದ್ಯರ ಸಂಸ್ಥೆಯವರು 2021ರಲ್ಲಿ ಪ್ರಕಟಿಸಿದರು. ಬಡವರ ಮನೆಗೆ ಇದು ಧೈರ್ಯ ತರುವ ಮಾತು. ಹಾಗೆಂದು ಒಲೆಯ ಮಗ್ಗುಲಲ್ಲಿಯೋ ತಗಡಿನ ಸೂರಿನಡಿಯಲ್ಲಿಯೋ ಇಡಲು ಇದು ಅಪ್ಪಣೆಯಲ್ಲ.

ಪೇಟೆಯಲ್ಲಿ ಸಿಗುವ ಪೆಟ್ಟಿಗೆಗಳಲ್ಲಿ ಬಗೆಬಗೆ ಉಂಟು. ಮೆತ್ತನೆಯ ಸ್ಪಂಜಿನ ಗುಳಿಗಳುಳ್ಳ ಗಟ್ಟಿ ಪೆಟ್ಟಿಗೆಯು ಗಾಜನ್ನು ಒಡೆಯದಂತೆ ಕಾಯುತ್ತದೆ, ಅಷ್ಟೆ. ಹತ್ತಿ ತುಂಬಿದ ಹಳೆಯ ಕನ್ನಡಕದ ಡಬ್ಬಿಯೂ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಬಲ್ಲುದು. ಹೆಪ್ಪುಗಟ್ಟಿಸಿದ ಜೆಲ್ ಚೀಲವಿಟ್ಟ ಪೆಟ್ಟಿಗೆಯಲ್ಲಿ ಸೀಸೆಗೂ ಚೀಲಕ್ಕೂ ನಡುವೆ ದಪ್ಪ ಬಟ್ಟೆ ಇರಲೇಬೇಕು. ಕಾಪಾಡಬೇಕಾದ ಪೆಟ್ಟಿಗೆಯೇ ಮದ್ದನ್ನು ಕೊಲ್ಲುವುದು ಹೆಚ್ಚಾಗಿ ಇಲ್ಲಿಯೇ. ನೀರಿನಲ್ಲಿ ನೆನೆಸುವ ಬಟ್ಟೆಯ ಚೀಲ ಇನ್ನೊಂದು ಬಗೆ. ಅದರೊಳಗಿನ ಹರಳುಗಳು ನೀರು ಕುಡಿದು ಉಬ್ಬಿ ಮಡಕೆಯ ನೀತಿಯಲ್ಲಿಯೇ ತಂಪಾಗುತ್ತವೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿಗೆ ತುರುಕಿದರೆ ಗಾಳಿಯಿಲ್ಲದೆ ವ್ಯರ್ಥ.

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಅಷ್ಟು ದೂರದ ಬಸ್ಸಿನ ಪಯಣಕ್ಕೆ ಮಂಜುಗಡ್ಡೆ ಬೇಡ. ಬಿಸಿಲು ಬೀಳದ ಕೈಚೀಲ ಸಾಕು. ಸ್ಕೂಟರಿನ ಡಿಕ್ಕಿ ಮತ್ತು ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಬ್ಯಾರನ್ನಿನ ತಮ್ಮಂದಿರೇ ಸರಿ. ಮಗನನ್ನು ಕಾಣಲು ವಿಮಾನವೇರುವ ತಂದೆತಾಯಿಗಳು ಇನ್ಸುಲಿನ್ನನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಸಾಮಾನಿನ ಕೋಣೆಯಲ್ಲಿ ಅದು ಹೆಪ್ಪುಗಟ್ಟುವ ಭಯವುಂಟು. ಸೀಸೆಗೆ ಮೊದಲ ಸೂಜಿ ಚುಚ್ಚಿದ ತಾರೀಖನ್ನು ಒಂದು ಚೂರು ಕಾಗದದಲ್ಲಿ ಬರೆದು ಅದರ ಮೈಗೇ ಅಂಟಿಸಿಡುವುದು ಒಳ್ಳೆಯದು. ನಾಲ್ಕು ವಾರದ ಲೆಕ್ಕವನ್ನು ಯಾರೂ ಬಾಯಲ್ಲಿ ಇಟ್ಟುಕೊಳ್ಳಲಾರರು.