ಬದಲಿಗೋ, ಜೊತೆಗೋ?

ಚನ್ನರಾಯಪಟ್ಟಣದಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಿ ಹೃದಯ ವೈಫಲ್ಯಕ್ಕೆ ಔಷಧಿ ಬರೆಸಿಕೊಂಡು ಬಂದವರ ಮನೆಯಲ್ಲಿ ಏಳುವ ಪ್ರಶ್ನೆ: ಹೊಸ ಗುಳಿಗೆ ಮೇಲೋ, ಹಳೆಯದೋ? ನನ್ನನ್ನು ಕೇಳಿದರೆ, ಕೇಳಬೇಕಾದ್ದು ಬೇರೆ. ಇದು ಹಳೆಯದರ ಬದಲಿಗೋ, ಜೊತೆಗೋ?

2014ರಲ್ಲಿ, ಹೃದಯದ ಪಂಪು ಶಕ್ತಿ ಕುಗ್ಗಿದ ಸುಮಾರು 8,400 ರೋಗಿಗಳಲ್ಲಿ ಎನಲಾಪ್ರಿಲ್ ಮತ್ತು ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟಾನ್‌ಗಳ ಹೋಲಿಕೆ ಪ್ರಕಟವಾಯಿತು. ಹೃದ್ರೋಗದಿಂದ ಸಾಯುವುದು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು ಎರಡನೆಯದರಲ್ಲಿ ಶೇ. 20ರಷ್ಟು ಕಡಿಮೆ. ಇದು ‘ಬದಲಿಗೆ’. ಎರಡನ್ನೂ ನುಂಗಿದರೆ ಮುಖ, ಗಂಟಲು ಊದಿ ಉಸಿರು ಕಟ್ಟಬಹುದು. ಎನಲಾಪ್ರಿಲ್ ನಿಲ್ಲಿಸಿ 36 ಗಂಟೆ ಕಳೆದ ಮೇಲೆಯೇ ಹೊಸದು. ಡಬ್ಬಿಯಲ್ಲಿ ಉಳಿದದ್ದು ಹಾಳಾಗಬಾರದೆಂದು ಮುಗಿಸುವ ಮಿತವ್ಯಯ ಇಲ್ಲಿ ಬೇಡ.

ಅಗ್ಗದ ಸ್ಪೈರೊನೊಲ್ಯಾಕ್ಟೋನ್ ‘ಜೊತೆಗೆ’. 1999ರಲ್ಲೇ ಅದು ತೀವ್ರ ವೈಫಲ್ಯದವರ ಸಾವನ್ನು ಶೇ. 30ರಷ್ಟು ತಗ್ಗಿಸಿತ್ತು; ಪೊಟ್ಯಾಸಿಯಂ ಪರೀಕ್ಷೆ ಮಾತ್ರ ತಪ್ಪಿಸಬಾರದು. 2019ರಲ್ಲಿ ಡಾಪಾಗ್ಲಿಫ್ಲೋಜಿನ್ ಗೆದ್ದದ್ದೂ ಹಳೆಯ ಔಷಧಿಗಳ ಜೊತೆ ಸೇರಿಯೇ. ಅದು ಸಕ್ಕರೆ ಕಾಯಿಲೆಯ ಗುಳಿಗೆ, ನಮಗೇಕೆ ಎಂದು ಬಿಡುವವರಿದ್ದಾರೆ. ಸಕ್ಕರೆ ಇಲ್ಲದವರಿಗೂ ಅದರಿಂದ ಅಷ್ಟೇ ಲಾಭವಾಗಿದೆ. ಮೂತ್ರದಲ್ಲಿ ನೀರನ್ನೂ ಹೊರಹಾಕುವ ಗುಳಿಗೆಯಾದ್ದರಿಂದ, ಉಪವಾಸ ಹಿಡಿಯುವ ಆಸೆಯಿರುವವರು ರಮಝಾನ್‌ಗೆ ಮೊದಲೇ ವೈದ್ಯರನ್ನು ಕಾಣಲಿ, ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು.