ಕಾಣದ ಗೆಳೆಯರು

ತುಂಗಭದ್ರೆಯ ದಡದ ಕುಮಾರಪಟ್ಟಣವು ಕಾರ್ಖಾನೆಯ ಊರು. ತಂದೆ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಮನೆಯಲ್ಲಿ ಮಗನ ವಾರವನ್ನು ಮೊಬೈಲು ಆಟಗಳು ತುಂಬುವುದು ಸಹಜ. ಸೋಮವಾರ ಲೂಡೋ, ಬುಧವಾರ ಕ್ರಿಕೆಟ್, ಭಾನುವಾರ ಬಿಜಿಎಂಐ ಎಂಬ ಕಾಳಗದ ಆಟ. 'ಕಣ್ಣಿಗೆ ಕಾಣದವರೊಡನೆ ಅದೆಂಥ ಗೆಳೆತನ?' ಎಂದು ತಾಯಂದಿರು ಕೇಳುವರು. ಪ್ರಶ್ನೆ ಯೋಗ್ಯವಾದುದೇ.

ನಾರ್ವೆ ದೇಶದ ಮ್ಯಾಟ್ಸ್ ಸ್ಟೀನ್ ಎಂಬ ತರುಣನು ಸ್ನಾಯುಕ್ಷಯದಿಂದ ಗಾಲಿಕುರ್ಚಿಯನ್ನು ಆಶ್ರಯಿಸಿ, 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ದಿನಗಳೆಯುತ್ತಿದ್ದನು. 2014ರಲ್ಲಿ, 25ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಮಗನು ಒಂಟಿಯಾಗಿ ಬಾಳಿದನೆಂದೇ ಹೆತ್ತವರು ಮರುಗಿದ್ದರು. ಸಾವಿನ ಸುದ್ದಿ ತಿಳಿಸಿದೊಡನೆ ಹಲವು ದೇಶಗಳಿಂದ ಸಾಂತ್ವನದ ಪತ್ರಗಳು ಬಂದವು. ಆತನು ತಮ್ಮ ಕಷ್ಟದಲ್ಲಿ ಧೈರ್ಯ ಹೇಳಿದ್ದನೆಂದು ಆಟದ ಗೆಳೆಯರು ಬರೆದಿದ್ದರು. ಕೆಲವರು ಅಂತ್ಯಸಂಸ್ಕಾರಕ್ಕೂ ಬಂದರು. ಮಗನ ಬಳಗವನ್ನು ಹೆತ್ತವರು ಅರಿತದ್ದು ಮಗನಿಲ್ಲದ ಮೇಲೆ!

ಹಾಗೆಂದು ಆಟವೆಲ್ಲ ಸತ್ಸಂಗವಲ್ಲ. ಹಣವನ್ನು ಪಣವಿಡುವ ಆನ್‌ಲೈನ್ ಆಟಗಳು ಮನೆಗಳನ್ನು ಹಾಳುಮಾಡಿದುದರಿಂದಲೇ ಸಂಸತ್ತು 2025ರಲ್ಲಿ ಅವುಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. 'ಪರೀಕ್ಷೆ ಹೇಗಾಯಿತು? ಹೊತ್ತಾಯಿತು, ಮಲಗು' ಎನ್ನುವವನು ದೂರದಲ್ಲಿದ್ದರೂ ಗೆಳೆಯನೇ. ಹಣ, ಭಾವಚಿತ್ರ, ಓಟಿಪಿ ಕೇಳುವವನು, 'ಮನೆಯಲ್ಲಿ ಹೇಳಬೇಡ' ಎನ್ನುವವನು ಎಷ್ಟು ಸವಿಯಾಗಿ ಮಾತನಾಡಿದರೂ ಗೆಳೆಯನಲ್ಲ.

ಈ ಭೇದವನ್ನು ಮಗು ಒಂಟಿಯಾಗಿ ಅರಿಯಲಾರದು. ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಆಟಕ್ಕೆ ಹೊತ್ತಿನ ಮಿತಿ ಇರಲಿ. ಆದರೆ 'ಎಷ್ಟು ಹೊತ್ತು ಆಡಿದೆ?' ಎಂದಷ್ಟೇ ಗದರದೆ, 'ಯಾರೊಡನೆ ಆಡಿದೆ? ಅವರು ಕ್ಷೇಮವೇ?' ಎಂದೂ ಕೇಳಿರಿ. ಊಟದ ಹೊತ್ತಿನಲ್ಲಿ ಆ ಗೆಳೆಯರ ಹೆಸರುಗಳು ಮನೆಯವರ ಕಿವಿಗೂ ಬೀಳಲಿ.